ತಲೆಬರಹದಲ್ಲಿದ್ದ ಇಲಿ ಎಲ್ಲಿ ಹೋಯ್ತು?

ಬಹಳ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಇವತ್ತು ಸಿಟ್ಟು ಬಂದಿದೆ, ಅದಕ್ಕೇ ಬರೀತಿದೀನಿ. (ಇವನು ಸಿಟ್ಟು ಬಂದಾಗ ಮಾತ್ರ ಬರೆಯೋದು ಅಂತ ನೀವು ಅಂದ್ಕೊಂಡ್ರೆ ಅದೂ ಸುಳ್ಳಲ್ಲ ಬಿಡಿ :) )

"ಕೀಲು ನೋವಿಗೆ ಕೊನೆಗೂ ಶಾಶ್ವತ ಮದ್ದು!" "ಉರಿಯೂತದ ಸ್ವಿಚ್ ಪತ್ತೆ ಹಚ್ಚಿದ ವಿಜ್ಞಾನಿಗಳು!" ಈ ಥರದ ತಲೆಬರಹ ನೀವೂ ನೋಡಿರ್ತೀರಿ, ನಿಮ್ಮಲ್ಲಿ ಕೆಲವರು ಕೊಂಡಿ ಸಮೇತ ಹಾಕಿಯೂ ಇರ್ತೀರಿ. ಕೆಳಗೆ ಓದ್ತಾ ಹೋದ್ರೆ ಆರನೇ ಪ್ಯಾರಾದಲ್ಲೋ ಏಳನೇ ಪ್ಯಾರಾದಲ್ಲೋ ಮೂಲೆಯಿಂದ ಮೆಲ್ಲಗೆ ಒಂದು ಇಲಿ ಇಣುಕುತ್ತೆ. "ಪ್ರಯೋಗವನ್ನು ಇಲಿಗಳ ಮೇಲೆ ನಡೆಸಲಾಗಿದೆ." ಅಷ್ಟೇ. ಕೆಲವು ಸಲ ಅದೂ ಇರಲ್ಲ. ಅದು ಎಂಥಾ ಇಲಿ, ಅದರಲ್ಲಿ ಏನನ್ನ ತೆಗೆದಿದ್ರು, ಏನನ್ನ ಸೇರಿಸಿದ್ರು, ಯಾವ ಪ್ರಶ್ನೆ ಕೇಳೋಕೆ ಅದನ್ನ ಹುಟ್ಟಿಸಿದ್ರು, ಇದನ್ನಂತೂ ಯಾರೂ ಬರೆಯಲ್ಲ. ನನ್ನ ತಕರಾರು ಇರೋದು ಇಲ್ಲಿ.

ಮೊದಲು ಒಂದು ಮಾತು. ಉರಿಯೂತ ಅನ್ನೋ ನಮ್ಮ ಪದ ನನಗೆ ಬಹಳ ಇಷ್ಟ. ಉರಿ, ಊತ. ಎರಡು ಲಕ್ಷಣ ಒಂದೇ ಪದದಲ್ಲಿ ಕೂತಿವೆ. ಆದರೆ ರಿಸೆಪ್ಟರ್‌ಗೆ ಪಠ್ಯಪುಸ್ತಕದವರು ಕೊಟ್ಟಿರೋ "ಗ್ರಾಹಕ" ಅನ್ನೋ ಪದ ಕೇಳಿದ್ರೆ ನನಗೆ ಬಳಕೆದಾರರ ವೇದಿಕೆ ನೆನಪಾಗುತ್ತೆ. ಹಾಗಾಗಿ ರಿಸೆಪ್ಟರ್ ಅಂತಲೇ ಬರೀತೀನಿ, ಕನ್ನಡಾಭಿಮಾನಿಗಳು ಕ್ಷಮಿಸಿ. ಜೀವಕೋಶದ ಮೈಮೇಲೆ (ಕೆಲವು ಒಳಗೂ) ಇರೋ ಬೀಗದಂಥ ಪ್ರೋಟೀನು ಅದು. ಹೊರಗಿನಿಂದ ತಕ್ಕ ಕೀಲಿ ಬಂದು ಕೂತ್ರೆ ಒಳಗೆ ಸುದ್ದಿ ಹೋಗುತ್ತೆ, ಕೋಶ ಎಚ್ಚೆತ್ತುಕೊಳ್ಳುತ್ತೆ, ಆಮೇಲೆ ಜ್ವರ, ಕೆಂಪು, ಊತ, ನೋವು ಎಲ್ಲಾ ಸಾಲಾಗಿ ಬರುತ್ವೆ.

ಈ ಬೀಗಗಳ ಕಥೆಯಲ್ಲಿ ಇಲಿಯ ಪಾತ್ರ ಸಣ್ಣದಲ್ಲ. ಅಮೆರಿಕಾದ ಜಾಕ್ಸನ್ ಲ್ಯಾಬೊರೇಟರಿಯಲ್ಲಿ ಸಿ3ಎಚ್/ಎಚ್‌ಇಜೆ ಅನ್ನೋ ಒಂದು ಇಲಿ ತಳಿ ಇತ್ತು. ಬ್ಯಾಕ್ಟೀರಿಯಾದ ಹೊರಪದರದಲ್ಲಿರೋ ಎಂಡೋಟಾಕ್ಸಿನ್ ಅನ್ನೋ ವಿಷ ಚುಚ್ಚಿದ್ರೆ ಬೇರೆ ಇಲಿಗಳು ಸಾಯ್ತಿದ್ವು, ಈ ತಳಿ ಮಾತ್ರ ಏನೂ ಆಗದ ಹಾಗೆ ಓಡಾಡ್ಕೊಂಡಿರ್ತಿತ್ತು. ಇದು 1960ರ ದಶಕದಲ್ಲೇ ಗೊತ್ತಿತ್ತು. ಯಾಕೆ ಅಂತ ಗೊತ್ತಾಗೋಕೆ ಮೂವತ್ತು ವರ್ಷ ಬೇಕಾಯ್ತು. 1998ರಲ್ಲಿ ಬ್ರೂಸ್ ಬಾಯ್ಟ್ಲರ್ ಅವರ ಗುಂಪು ಆ ತಳಿಯ ಟಿಎಲ್ಆರ್4 ಅನ್ನೋ ರಿಸೆಪ್ಟರಿನಲ್ಲಿ 712ನೇ ಜಾಗದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರೋದನ್ನ ಕಂಡುಹಿಡೀತು. ಒಂದೇ ಅಕ್ಷರದ ಕಾಗುಣಿತ ತಪ್ಪು ಅಂದ್ಕೊಳ್ಳಿ. ಮರುವರ್ಷ ಜಪಾನಿನ ಒಸಾಕಾದಲ್ಲಿ ಶಿಜುವೊ ಅಕಿರಾ ಅವರ ಗುಂಪು ಆ ಜೀನನ್ನೇ ಪೂರ್ತಿ ತೆಗೆದುಹಾಕಿದ ಇಲಿ ಮಾಡಿ ನೋಡ್ತು. ಅದೂ ಎಂಡೋಟಾಕ್ಸಿನ್‌ಗೆ ಜಗ್ಗಲಿಲ್ಲ! 2011ರ ನೊಬೆಲ್ ಬಾಯ್ಟ್ಲರ್‌ಗೆ ಬಂತು, ಜೊತೆಗೆ ಹಣ್ಣುನೊಣದಲ್ಲಿ ಟೋಲ್ ಕೆಲಸ ಮಾಡಿದ್ದ ಹಾಫ್‌ಮನ್‌ಗೆ, ಡೆಂಡ್ರಿಟಿಕ್ ಕೋಶದ ಸ್ಟೈನ್‌ಮನ್‌ಗೆ. ಅಕಿರಾಗೆ ಬರಲಿಲ್ಲ, ಅದು ನನ್ನ ಇನ್ನೊಂದು ಸಿಟ್ಟು, ಇವತ್ತು ಬೇಡ.

ಹೀಗೆ ಒಂದು ಜೀನ್ ತೆಗೆದುಹಾಕಿದ ಇಲಿಗೆ ನಾಕ್‌ಔಟ್ ಅಂತಾರೆ. ಅದನ್ನ ಮಾಡೋ ವಿಧಾನಕ್ಕೇ 2007ರಲ್ಲಿ ಕಪೆಕಿ, ಇವಾನ್ಸ್, ಸ್ಮಿತೀಸ್ ಮೂವರಿಗೆ ನೊಬೆಲ್ ಬಂದಿತ್ತು. ಇದೆಲ್ಲಾ ಪರದೇಶದ ಮಾತು ಅಂದ್ಕೋಬೇಡಿ, ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರೋ ಎನ್‌ಸಿಬಿಎಸ್-ಇನ್‌ಸ್ಟೆಮ್‌ನಲ್ಲೂ ಇಂಥ ಇಲಿ ತಯಾರಿಸೋ ಘಟಕ ಇದೆ. ನಾಕ್‌ಔಟ್ ಇಲಿಗೆ ಕೇಳೋ ಪ್ರಶ್ನೆ ಒಂದೇ: "ಈ ಬೀಗ ಇಲ್ಲದೇ ಹೋದ್ರೆ ಏನಾಗುತ್ತೆ?" ಈ ಪ್ರಶ್ನೆಗೆ ಅದರಷ್ಟು ಚೆನ್ನಾಗಿ ಉತ್ತರ ಕೊಡೋ ಬೇರೆ ಪ್ರಾಣಿ ಇಲ್ಲ. ಆದರೆ ಪತ್ರಿಕೆಯವರು ಅದರ ಬಾಯಲ್ಲಿ ಹೇಳಿಸೋದು ಬೇರೆಯೇ ಪ್ರಶ್ನೆಯ ಉತ್ತರ: "ಈ ಬೀಗಕ್ಕೆ ಔಷಧಿ ತುಂಬಿದ್ರೆ ಹರಿಹರದ ಹೆಂಗಸಿನ ಕೀಲು ನೋವು ಹೋಗುತ್ತಾ?" ಇಲಿಗೆ ಆ ಪ್ರಶ್ನೆ ಯಾರೂ ಕೇಳೇ ಇಲ್ಲ ಕಣ್ರೀ!

ಟಿಎಲ್ಆರ್4 ಕಥೆಯನ್ನೇ ಮುಂದುವರಿಸ್ತೀನಿ. ರಕ್ತಕ್ಕೆ ಸೋಂಕು ಹರಡಿ ಮೈಯೆಲ್ಲಾ ಉರಿಯೂತ ಆಗೋ ಸೆಪ್ಸಿಸ್‌ನಲ್ಲಿ ಈ ಬೀಗಕ್ಕೆ ಬಿರಡೆ ಹಾಕಿದ್ರೆ ಜನ ಬದುಕ್ತಾರೆ ಅನ್ನೋದು ತರ್ಕಬದ್ಧವಾದ ಆಸೆ. ಎರಿಟೊರಾನ್ ಅನ್ನೋ ಔಷಧಿ ಬಂತು. ಪ್ರಾಣಿಗಳಲ್ಲಿ ಚೆನ್ನಾಗಿ ಕೆಲಸ ಮಾಡ್ತು. ಆಮೇಲೆ ಸುಮಾರು 2 ಸಾವಿರ ರೋಗಿಗಳಲ್ಲಿ ದೊಡ್ಡ ಪ್ರಯೋಗ ನಡೆದು 2013ರಲ್ಲಿ ಫಲಿತಾಂಶ ಪ್ರಕಟವಾಯ್ತು. 28 ದಿನದೊಳಗೆ ಸತ್ತವರು ಔಷಧಿ ತಗೊಂಡವರಲ್ಲಿ ನೂರಕ್ಕೆ 28.1, ಖಾಲಿ ಸೂಜಿಯವರಲ್ಲಿ 26.9. ಅಂದ್ರೆ ಏನೂ ಉಪಯೋಗ ಆಗಲಿಲ್ಲ. ಇಲಿಯಲ್ಲಿ ಆ ಔಷಧಿ ಗೆದ್ದಾಗಿನ ಸಂಭ್ರಮದ ಸುದ್ದಿಗಳ ಪಕ್ಕದಲ್ಲಿ ಈ ಸೋಲಿನ ಸುದ್ದಿ ಯಾರಾದ್ರೂ ಕನ್ನಡದಲ್ಲಿ ಬರೆದಿದ್ರೆ ಕೊಂಡಿ ಕೊಡಿ, ಖುಷಿಯಿಂದ ಓದ್ತೀನಿ.

ಯಾಕೆ ಹೀಗಾಗುತ್ತೆ? ಕಾರಣಗಳು ಬೇಕಾದಷ್ಟಿವೆ. ಎಂಡೋಟಾಕ್ಸಿನ್ ವಿಷಯದಲ್ಲಿ ಮನುಷ್ಯ ಬಲು ನಾಜೂಕು. ತೂಕದ ಪ್ರತಿ ಕಿಲೋಗೆ 2ರಿಂದ 4 ನ್ಯಾನೋಗ್ರಾಂ ಕೊಟ್ರೆ ಸಾಕು, ಗಟ್ಟಿಮುಟ್ಟಾದ ಆಳೂ ಚಳಿ ಜ್ವರ ಬಂದು ಮಲಗ್ತಾನೆ. ಇಲಿ ಅದರ ಸಾವಿರಾರು ಪಟ್ಟು ತಡ್ಕೊಳ್ಳುತ್ತೆ. ಗಲೀಜಲ್ಲೇ ಓಡಾಡೋ ಪ್ರಾಣಿಗೆ ಆ ತಾಳ್ಮೆ ಇರಲೇಬೇಕಲ್ವಾ? ಬೀಗಗಳ ಗೊಂಚಲೂ ಒಂದೇ ಅಲ್ಲ. ಇಲಿಗೆ ಟಿಎಲ್ಆರ್ 11, 12, 13 ಇವೆ, ನಮಗಿಲ್ಲ. ನಮಗೆ ಟಿಎಲ್ಆರ್10 ಇದೆ, ಇಲಿಯಲ್ಲಿ ಆ ಜೀನ್ ಕೆಟ್ಟು ಕೂತಿದೆ. ಇನ್ನೂ ತಮಾಷೆ ಅಂದ್ರೆ ಲಿಪಿಡ್ 4ಎ ಅನ್ನೋ ವಸ್ತು. ಇಲಿಯ ಟಿಎಲ್ಆರ್4ಗೆ ಅದು ಕೀಲಿ, ತಿರುಗಿಸಿದ್ರೆ ಬಾಗಿಲು ತೆಗೆಯುತ್ತೆ. ಮನುಷ್ಯನ ಟಿಎಲ್ಆರ್4ಗೆ ಅದೇ ವಸ್ತು ಬಿರಡೆ, ಹೋಗಿ ಕೂತು ಬಾಗಿಲು ಮುಚ್ಚುತ್ತೆ! ಹೆಸರು ಒಂದೇ, ರಿಸೆಪ್ಟರ್ ಒಂದೇ, ನಡವಳಿಕೆ ತದ್ವಿರುದ್ಧ. ಅದಕ್ಕೇ ಇಲಿಯ ಜೀನ್ ತೆಗೆದು ಆ ಜಾಗಕ್ಕೆ ಮನುಷ್ಯನ ಜೀನ್ ಕೂಡಿಸಿದ ಇಲಿಗಳನ್ನೂ ಮಾಡಿದ್ದಾರೆ. ಪತ್ರಿಕೆಯಲ್ಲಿ ಅದೂ "ಇಲಿ", ಇದೂ "ಇಲಿ".

ಈಗ ನಮ್ಮ ರಾಜ್ಯಕ್ಕೇ ಬರೋಣ. ಬೆಂಗಳೂರಿನ ಬಯೋಕಾನ್ 2013ರಲ್ಲಿ ಆಲ್ಜುಮ್ಯಾಬ್ ಅನ್ನೋ ಹೆಸರಲ್ಲಿ ಇಟೊಲಿಜುಮ್ಯಾಬ್ ಅನ್ನೋ ಪ್ರತಿಕಾಯವನ್ನ ಸೋರಿಯಾಸಿಸ್ ಚರ್ಮರೋಗಕ್ಕೆ ಮಾರುಕಟ್ಟೆಗೆ ತಂತು. ಮೂಲ ಕ್ಯೂಬಾದ ಹವಾನಾದಲ್ಲಿರೋ ಆಣ್ವಿಕ ರೋಗನಿರೋಧ ಶಾಸ್ತ್ರ ಕೇಂದ್ರದ್ದು. ಅದು ಹೋಗಿ ಅಂಟೋದು ಟಿ-ಕೋಶಗಳ ಮೈಮೇಲಿನ ಸಿಡಿ6 ಅನ್ನೋ ರಿಸೆಪ್ಟರಿಗೆ. ಮನುಷ್ಯನ ಸಿಡಿ6ಗೆ ಅಂಟುತ್ತೆ, ಇಲಿಯ ಸಿಡಿ6ಗೆ ಅಂಟಲ್ಲ. ಹಾಗಾಗಿ ಮಾಮೂಲಿ ಇಲಿಯಲ್ಲಿ ಇದನ್ನ ಪರೀಕ್ಷೆ ಮಾಡೋ ಮಾತೇ ಇಲ್ಲ. ಮನುಷ್ಯನ ಸಿಡಿ6 ಇರೋ ಇಲಿಯನ್ನ ಅಮೆರಿಕಾದ ಒಂದು ಗುಂಪು ಮಾಡಿ, ಅದೇ ರಿಸೆಪ್ಟರಿಗೆ ಅಂಟೋ ಇನ್ನೊಂದು ಪ್ರತಿಕಾಯ ಕೊಟ್ಟು ನೋಡಿ ಪ್ರಕಟಿಸಿದ್ದು 2017ರಲ್ಲಿ. ಲೆಕ್ಕ ಹಾಕಿ. ಔಷಧಿ ಅಂಗಡಿಗೆ ಬಂದು ನಾಲ್ಕು ವರ್ಷ ಆದ ಮೇಲೆ ಇಲಿ ಬಂತು! "ಮೊದಲು ಇಲಿ, ಆಮೇಲೆ ಮನುಷ್ಯ" ಅಂತ ಶಾಲೆಯಲ್ಲಿ ಓದಿದ್ದ ಸರಣಿ ಇಲ್ಲಿ ತಲೆಕೆಳಗು.

ಅಷ್ಟೇ ಅಲ್ಲ. ಸಿಡಿ6 ತೆಗೆದ ನಾಕ್‌ಔಟ್ ಇಲಿಗಳನ್ನೂ ಮಾಡಿದ್ರು. 2016ರಲ್ಲಿ ಬಾರ್ಸಿಲೋನಾದ ಗುಂಪು ಹೇಳ್ತು, ಸಿಡಿ6 ಇಲ್ಲದ ಇಲಿಗೆ ಕೊಲಾಜನ್ ಚುಚ್ಚಿದ್ರೆ ಮೈ ತನ್ನ ಮೇಲೆ ತಾನೇ ತಿರುಗಿ ಬೀಳೋ ಪ್ರತಿಕ್ರಿಯೆ ಇನ್ನೂ ಜಾಸ್ತಿ ಆಗುತ್ತೆ ಅಂತ. 2017ರಲ್ಲಿ ಆ ಅಮೆರಿಕಾದ ಗುಂಪು, ಸಿಡಿ6 ಇಲ್ಲದ ಇಲಿಗೆ ಮಿದುಳು-ಬೆನ್ನುಹುರಿಯ ಉರಿಯೂತ ಕಡಿಮೆ ಅಂತು. 2020ರಲ್ಲಿ ಸಂಧಿವಾತದ ಇಲಿಗಳಲ್ಲೂ ಕಡಿಮೆ ಅಂತ ಬಂತು. ಎರಡು ಕಡೆಯವರೂ ಸುಳ್ಳು ಹೇಳ್ತಿಲ್ಲ. ಇಲಿಗಳ ತಳಿ ಬೇರೆ, ಸಾಕಿದ ಜಾಗ ಬೇರೆ. ಕೊಲಾಜನ್ ಸಂಧಿವಾತ ಕೆಲವು ತಳಿಗೆ ಸಲೀಸಾಗಿ ಬರುತ್ತೆ, ಕೆಲವಕ್ಕೆ ಬರೋದೇ ಕಷ್ಟ. ಒಂದೇ ಬೀಗ ಕಿತ್ತ ಎರಡು ಇಲಿ, ಎರಡು ಉತ್ತರ. ಇದರಲ್ಲಿ ಯಾವುದೋ ಒಂದನ್ನ ಎತ್ಕೊಂಡು "ಸಿಡಿ6 ಸಂಧಿವಾತಕ್ಕೆ ರಾಮಬಾಣ" ಅಂತಲೋ "ಸಿಡಿ6 ಔಷಧಿ ಅಪಾಯ" ಅಂತಲೋ ಬರೆದ್ರೆ ಎರಡಕ್ಕೂ ಸಾಕ್ಷಿ ಸಿಗುತ್ತೆ!

ಆಮೇಲೆ 2020ರ ಜುಲೈ ಬಂತು, ಕೋವಿಡ್ ಕಾಲ. ಅದೇ ಇಟೊಲಿಜುಮ್ಯಾಬ್‌ಗೆ ತುರ್ತು ಬಳಕೆಯ ಅನುಮತಿ ಸಿಕ್ತು. ಮೂವತ್ತು ರೋಗಿಗಳ ಪ್ರಯೋಗದ ಮೇಲೆ. ಕೇಂದ್ರದ ಕೋವಿಡ್ ಕಾರ್ಯಪಡೆ ಅದನ್ನ ಚಿಕಿತ್ಸಾ ಕ್ರಮದಲ್ಲಿ ಸೇರಿಸಲಿಲ್ಲ. ಅವತ್ತಿನ ವಾಟ್ಸಾಪ್ ನೆನಪಿದೆಯಾ? "ನಮ್ಮ ಬೆಂಗಳೂರಿನ ಮದ್ದು" ಅಂತ ಹೆಮ್ಮೆ. ಹೆಮ್ಮೆ ಇರಲಿ, ನನಗೂ ಇದೆ. ಆದರೆ ಮೂವತ್ತು ಅನ್ನೋ ಅಂಕಿ ಆ ಹೆಮ್ಮೆಯ ಮೆಸೇಜುಗಳಲ್ಲಿ ಇರಲಿಲ್ಲ. ಇಲಿ ಕಾಣೆಯಾಗೋದೂ ಅಂಕಿ ಕಾಣೆಯಾಗೋದೂ ಒಂದೇ ಜಾತಿಯ ರೋಗ.

ಇದೆಲ್ಲಾ ಬರೀ ವಿಜ್ಞಾನದ ಹರಟೆಯಾಗಿದ್ರೆ ನಾನು ಇಷ್ಟು ಉದ್ದ ಬರೀತಿರಲಿಲ್ಲ. ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಲ್ಲಿ ನಮ್ಮ ಚಿಗವ್ವ ಇದ್ದಾಳೆ. ಆರೇಳು ವರ್ಷದಿಂದ ಸಂಧಿವಾತ, ಅದೇ ರುಮಟಾಯ್ಡ್ ಅಂತಾರಲ್ಲ, ಅದು. ಊರಲ್ಲಿ ಎಲ್ಲದಕ್ಕೂ "ವಾಯು" ಅಂದುಬಿಡ್ತಾರೆ. ದಾವಣಗೆರೆಗೆ ಕರ್ಕೊಂಡು ಹೋಗಿ ತೋರಿಸಿ, ವಾರಕ್ಕೊಂದು ದಿನ ಮೆಥೊಟ್ರೆಕ್ಸೇಟ್ ಗುಳಿಗೆ, ಜೊತೆಗೆ ಫೋಲಿಕ್ ಆಮ್ಲ, ಆಗಾಗ ರಕ್ತ ಪರೀಕ್ಷೆ, ಹೀಗೆ ನಡೀತಿತ್ತು. ಬೆಳಿಗ್ಗೆ ಎದ್ದು ತಾನೇ ರೊಟ್ಟಿ ತಟ್ಟೋ ಅಷ್ಟು ಸುಧಾರಿಸಿತ್ತು. ಒಂದಿನ ಯಾರೋ ಒಂದು ಪತ್ರಿಕೆಯ ತುಣುಕು ಮೊಬೈಲಿಗೆ ಕಳಿಸಿದ್ರು. ಉರಿಯೂತದ ರಿಸೆಪ್ಟರ್ ಸಿಕ್ಕಿದೆ, ಸಂಧಿವಾತ ಬುಡಸಮೇತ ಹೋಗುತ್ತೆ ಅಂತ. ಚಿಗವ್ವ ಗುಳಿಗೆ ಬಿಟ್ಟಳು. ನನಗೆ ಗೊತ್ತಾಗಿದ್ದು ಎರಡು ತಿಂಗಳ ಮೇಲೆ.

"ಹೊಸಾ ಔಷ್ದಿ ಬರಾಕತ್ತೈತಂತಲ್ಲ ತಮ್ಮಾ, ಇನ್ನ ಈ ಹೊಟ್ಟಿ ತೊಳಸೋ ಗುಳಿಗಿ ಯಾಕ ನುಂಗ್ಲಿ? ಅದು ಬಂದ ಮ್ಯಾಲ ಒಮ್ಮೆಲೆ ತಗಂಡ್ರಾತು ಅಂದ್ಕಂಡೆ."

"ಚಿಗವ್ವ, ಅದು ಇಲಿಗೆ ಕೊಟ್ಟು ನೋಡಿದ್ದು."

"ಇಲಿಗಾ? ಅದ್ರಾಗ ಇಲಿ ಅಂತ ಎಲ್ಲಿ ಬರ್ದಾರ?"

ಬರೆದಿರಲಿಲ್ಲ. ಅವಳ ಪ್ರಶ್ನೆ ನ್ಯಾಯವಾದದ್ದೇ. ಅಷ್ಟೊತ್ತಿಗೆ ಅವಳ ಮಣಿಕಟ್ಟು ಊದಿ ಬೆರಳು ಮಡಚೋಕೆ ಬರ್ತಿರಲಿಲ್ಲ. ಗುಳಿಗೆ ಮತ್ತೆ ಶುರು ಮಾಡಿದ್ರೂ ಕೈ ಮೊದಲಿನ ಹದಕ್ಕೆ ಬರೋಕೆ ತಿಂಗಳುಗಟ್ಟಲೆ ಹಿಡೀತು, ಎರಡು ಬೆರಳು ಪೂರ್ತಿ ನೆಟ್ಟಗಾಗಲೇ ಇಲ್ಲ. ತಲೆಬರಹ ಬರೆದವರಿಗೆ ಇದು ಗೊತ್ತಾಗಲ್ಲ, ಗೊತ್ತಾಗೋ ದಾರಿಯೂ ಇಲ್ಲ.

ಈಗ ಇನ್ನೊಂದು ಗುಂಪಿನ ಕಡೆ ತಿರುಗ್ತೀನಿ. ನಮ್ಮಲ್ಲೇ ಕೆಲವು ಗೆಳೆಯರು ಇದನ್ನೆಲ್ಲಾ ನೋಡಿ, "ಅದಕ್ಕೇ ಹೇಳೋದು, ಇಲಿ ಪ್ರಯೋಗ ಎಲ್ಲಾ ಬರೀ ಮೋಸ, ನಿಲ್ಲಿಸಿಬಿಡಬೇಕು" ಅಂತಾರೆ. ಅವರ ಕೈಯಲ್ಲಿ ಯಾವಾಗಲೂ 2013ರ ಒಂದು ಪ್ರಬಂಧ ಇರುತ್ತೆ. ಸುಟ್ಟ ಗಾಯ, ಪೆಟ್ಟು, ಎಂಡೋಟಾಕ್ಸಿನ್ ಈ ಮೂರರಲ್ಲೂ ಇಲಿಯ ಜೀನುಗಳ ಪ್ರತಿಕ್ರಿಯೆ ಮನುಷ್ಯನದ್ದನ್ನ ಹೋಲೋದೇ ಇಲ್ಲ ಅಂತ ಹೇಳಿದ ಪ್ರಬಂಧ. ಸರಿ. ಆದರೆ 2014ರಲ್ಲಿ ಜಪಾನಿನ ಇಬ್ಬರು ಅದೇ ಅಂಕಿಅಂಶಗಳನ್ನ ಬೇರೆ ರೀತಿ ಲೆಕ್ಕ ಹಾಕಿ, ಅದೇ ಪತ್ರಿಕೆಯಲ್ಲಿ, ಬಹಳ ಚೆನ್ನಾಗಿ ಹೋಲುತ್ತೆ ಅಂತ ಬರೆದ್ರು. ಮೊದಲನೆಯದನ್ನ ಹಂಚೋರು ಎರಡನೆಯದನ್ನ ಯಾಕೆ ಹಂಚಲ್ಲ?

ಮತ್ತೆ, ಇಲಿಯಿಂದ ಏನೂ ಸಿಕ್ಕಿಲ್ಲ ಅನ್ನೋದು ಶುದ್ಧ ಸುಳ್ಳು. 1991ರಲ್ಲಿ ಗ್ರೀಸಿನ ಜಾರ್ಜ್ ಕೊಲಿಯಾಸ್ ಮತ್ತವರ ಸಂಗಡಿಗರು ಮನುಷ್ಯನ ಟಿಎನ್ಎಫ್ ಜೀನನ್ನ ಇಲಿಗೆ ಸೇರಿಸಿದ್ರು. ಆ ಇಲಿಗಳಿಗೆ ತನ್ನಿಂತಾನೇ ಸಂಧಿವಾತ ಬಂತು. ಟಿಎನ್ಎಫ್ ವಿರುದ್ಧದ ಪ್ರತಿಕಾಯ ಕೊಟ್ರೆ ಬರಲಿಲ್ಲ. ಮರುವರ್ಷವೇ ಲಂಡನ್ನಿನಲ್ಲಿ ಫೆಲ್ಡ್‌ಮನ್ ಮತ್ತು ಮೈನಿ ಮನುಷ್ಯರಿಗೆ ಕೊಟ್ಟು ನೋಡೋಕೆ ಶುರು ಮಾಡಿದ್ರು. ಇವತ್ತು ಸಂಧಿವಾತಕ್ಕೆ ಕೊಡೋ ಟಿಎನ್ಎಫ್ ತಡೆಯೋ ಚುಚ್ಚುಮದ್ದುಗಳ ವಂಶವೃಕ್ಷದಲ್ಲಿ ಆ ಇಲಿ ಇದೆ. ಅಡಾಲಿಮುಮ್ಯಾಬ್‌ನ ಅಗ್ಗದ ಸಮಾನ ಔಷಧಿಯನ್ನ ನಮ್ಮ ದೇಶದ ಜೈಡಸ್ 2014ರಲ್ಲೇ ತಂತು. ಅಗ್ಗ ಅಂದ್ರೂ ಹಳ್ಳಿಯವರಿಗೆ ಅದು ಅಗ್ಗ ಅಲ್ಲ, ಆ ಜಗಳ ಬೇರೆ.

ಹೌದು, ಇಲಿಯನ್ನಾಗಲಿ ಇನ್ನಾವುದೋ ಪ್ರಾಣಿಯನ್ನಾಗಲಿ ಕಣ್ಣು ಮುಚ್ಚಿ ನಂಬಿದ್ರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. 2006ರ ಮಾರ್ಚಿನಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ ಟಿಜಿಎನ್1412 ಅನ್ನೋ ಪ್ರತಿಕಾಯವನ್ನ ಆರು ಜನ ಆರೋಗ್ಯವಂತ ಹುಡುಗರಿಗೆ ಕೊಟ್ರು. ಸಿಡಿ28 ಅನ್ನೋ ರಿಸೆಪ್ಟರನ್ನ ಎಬ್ಬಿಸೋ ಔಷಧಿ. ಮಂಗಗಳಿಗೆ ಇದನ್ನೇ ಕೊಟ್ಟಾಗ ಏನೂ ಆಗಿರಲಿಲ್ಲ. ಇಲಿ-ಹೆಗ್ಗಣ ಜಾತಿಯ ಪ್ರಾಣಿಗಳಿಗೆ ಇದೇ ಥರದ ಪ್ರತಿಕಾಯ ಕೊಟ್ಟಾಗ ಉರಿಯೂತ ಶಮನವಾಗಿತ್ತು. ಆ ಹುಡುಗರಿಗೆ ಒಂದೆರಡು ಗಂಟೆಯೊಳಗೆ ಮೈಯೆಲ್ಲಾ ಉರಿಯೂತದ ಬಿರುಗಾಳಿ ಎದ್ದು, ಆರೂ ಜನ ತೀವ್ರ ನಿಗಾ ಘಟಕ ಸೇರಿದ್ರು. ಪುಣ್ಯಕ್ಕೆ ಎಲ್ಲರೂ ಬದುಕಿದ್ರು.

ಇದರ ಮುಂದಿನ ಭಾಗ ನನಗೆ ತುಂಬಾ ಹಿಡಿಸಿದ್ದು. ಪ್ರಯೋಗಾಲಯದ ಇಲಿ ಬದುಕೋ ರೀತಿ ನೋಡಿ. ಶೋಧಿಸಿದ ಗಾಳಿ, ಶುದ್ಧ ಮಾಡಿದ ಆಹಾರ, ಒಂದು ರೋಗಾಣು ಹತ್ರ ಸುಳಿಯಲ್ಲ. ಕೋಣೆಯ ಉಷ್ಣತೆ ಮನುಷ್ಯರಿಗೆ ಹಿತವಾಗೋ ಹಾಗೆ 22 ಡಿಗ್ರಿ ಆಸುಪಾಸು. ಇಲಿಗೆ ಹಿತ 30ರ ಹತ್ರ. ಅಂದ್ರೆ ಪಾಪ, ಜೀವನಪೂರ್ತಿ ಚಳೀಲಿ ಇರುತ್ತೆ (ನಮ್ಮ ದಾವಣಗೆರೆಗೆ ಕಳಿಸಿದ್ರೆ ಸುಖವಾಗಿರ್ತಿತ್ತು!). 2016ರಲ್ಲಿ ಅಮೆರಿಕಾದ ಮಿನೆಸೋಟದವರು ಇಂಥ ಶುದ್ಧ ಇಲಿಗಳನ್ನ ಅಂಗಡಿಯಲ್ಲಿ ಕೊಂಡು ತಂದ ಇಲಿಗಳ ಜೊತೆ ಒಂದೇ ಪಂಜರದಲ್ಲಿ ಬಿಟ್ಟು ನೋಡಿದ್ರು. ಶುದ್ಧ ಇಲಿಯ ರೋಗನಿರೋಧಕ ವ್ಯವಸ್ಥೆ ಹುಟ್ಟಿದ ಮಗುವಿನ ಹಾಗಿತ್ತು, ಗಲೀಜು ಸಹವಾಸ ಆದ ಮೇಲೆ ದೊಡ್ಡವರ ಹಾಗಾಯ್ತು. 2019ರಲ್ಲಿ ಸ್ಟೀಫನ್ ರೋಸ್‌ಹಾರ್ಟ್, ಬಾರ್ಬರಾ ರೆಹರ್ಮನ್ ಮತ್ತವರ ಸಂಗಡಿಗರು ಇನ್ನೂ ಮುಂದೆ ಹೋದ್ರು. ಪ್ರಯೋಗಾಲಯದ ಇಲಿಯ ಭ್ರೂಣವನ್ನ ಬಯಲಿನ ಇಲಿಯ ಗರ್ಭದಲ್ಲಿಟ್ಟು ಹುಟ್ಟಿಸಿದ್ರು. ಜೀನ್ ಪ್ರಯೋಗಾಲಯದ್ದು, ಮೈಮೇಲಿನ ಸೂಕ್ಷ್ಮಜೀವಿಗಳು ಬಯಲಿನವು. ಆ ಇಲಿಗಳಿಗೆ ಟಿಜಿಎನ್1412 ಥರದ ಔಷಧಿ ಕೊಟ್ರೆ, ಶುದ್ಧ ಇಲಿಗಳ ಹಾಗೆ ಶಮನ ಆಗಲಿಲ್ಲ, ಲಂಡನ್ನಿನ ಹುಡುಗರ ಹಾಗೆ ಉರಿಯೂತ ಎದ್ದಿತು! ಸೆಪ್ಸಿಸ್‌ಗೆ ಅಂತ ಒಂದು ಕಾಲದಲ್ಲಿ ಶುದ್ಧ ಇಲಿಗಳನ್ನ ಬದುಕಿಸಿ ಮನುಷ್ಯರಲ್ಲಿ ಸೋತಿದ್ದ ಟಿಎನ್ಎಫ್ ತಡೆ ಕೂಡ ಈ ಇಲಿಗಳಲ್ಲಿ ಸೋತಿತು.

ಭದ್ರಾ ನಾಲೆಯ ನೀರಲ್ಲಿ ಬೆಳೆದ ಭತ್ತದ ಚೀಲ ಕಡಿಯೋ ನಮ್ಮೂರ ಇಲಿ, ಸಾವಿರಾರು ರೂಪಾಯಿ ಕೊಟ್ಟು ತರಿಸಿದ ಬಿಳಿ ಇಲಿಗಿಂತ ನಮ್ಮ ಚಿಗವ್ವನ ಮೈಗೆ ಹತ್ತಿರ ಇರಬಹುದು ಅಂತಾಯ್ತು! "ಇಲಿ ಮನುಷ್ಯನಿಗೆ ಹೋಲುತ್ತಾ" ಅನ್ನೋದು ಅರ್ಧ ಪ್ರಶ್ನೆ. ಯಾವ ಇಲಿ, ಎಲ್ಲಿ ಬೆಳೆದದ್ದು ಅನ್ನೋದು ಇನ್ನರ್ಧ. ರಾಮಬಾಣದವರೂ ಮೋಸದವರೂ ಇಬ್ಬರೂ ಇಲಿಯನ್ನ ಸಣ್ಣ ಮನುಷ್ಯ ಅಂತ ಅಂದ್ಕೊಂಡಿದ್ದಾರೆ. ಒಬ್ಬರು ಅದನ್ನ ನಂಬಿ ಕುಣೀತಾರೆ, ಇನ್ನೊಬ್ಬರು ಅದು ಸುಳ್ಳಾಯ್ತು ಅಂತ ಬೈತಾರೆ.

ಪ್ರಾಣಿದಯೆಯ ಪ್ರಶ್ನೆಯನ್ನ ನಾನು ತಳ್ಳಿಹಾಕ್ತಿಲ್ಲ. ನಮ್ಮಲ್ಲಿ 1960ರ ಕಾನೂನಿದೆ, ಅದರ ಕೆಳಗೆ ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿ ಇರಬೇಕು. 2023ರಲ್ಲಿ ಕೇಂದ್ರ ಸರ್ಕಾರ ಹೊಸ ಔಷಧಿ ನಿಯಮಗಳನ್ನ ತಿದ್ದಿ, ಪ್ರಾಣಿಗಳ ಬದಲು ಮನುಷ್ಯನ ಜೀವಕೋಶಗಳಿಂದ ಮಾಡಿದ ಪರೀಕ್ಷೆಗಳಿಗೂ ಜಾಗ ಕೊಡ್ತು. 2025ರ ಏಪ್ರಿಲಿನಲ್ಲಿ ಅಮೆರಿಕಾದ ಎಫ್‌ಡಿಎ ಪ್ರತಿಕಾಯ ಔಷಧಿಗಳಿಗೆ ಪ್ರಾಣಿ ಪರೀಕ್ಷೆ ಹಂತಹಂತವಾಗಿ ಕಡಿಮೆ ಮಾಡೋ ಯೋಜನೆ ಹೇಳ್ತು. ಒಳ್ಳೇದೇ. ಇಟೊಲಿಜುಮ್ಯಾಬ್ ಕಥೆ ನೋಡಿದ ಮೇಲೆ ಅದರಲ್ಲಿ ಅರ್ಥವೂ ಇದೆ. ಆದರೆ ಒಂದು ರಿಸೆಪ್ಟರ್ ಇಡೀ ಮೈಯಲ್ಲಿ, ಕರುಳು, ಮಿದುಳು, ಕೀಲು ಎಲ್ಲಾ ಸೇರಿದ ಮೈಯಲ್ಲಿ ಏನು ಮಾಡುತ್ತೆ ಅಂತ ತಿಳ್ಕೊಳ್ಳೋಕೆ ಗಾಜಿನ ತಟ್ಟೆಯ ಕೋಶಗಳು ಇನ್ನೂ ಸಾಲಲ್ಲ. ಕೊಲ್ಲಲೇಬೇಕಾದಾಗ, ಆ ಇಲಿ ಕೊಟ್ಟ ಉತ್ತರವನ್ನ ಸರಿಯಾಗಿ ಬರೆಯೋ ಋಣವಾದ್ರೂ ನಮ್ಮ ಮೇಲಿದೆ.

ತಪ್ಪೆಲ್ಲಾ ಪತ್ರಕರ್ತರದ್ದು ಅಂತಲೂ ಹೇಳಲಾರೆ. 2021ರಲ್ಲಿ ಬ್ರೆಜಿಲ್ಲಿನ ಇಬ್ಬರು ಸಂಶೋಧಕರು ಮರೆವಿನ ರೋಗ ಆಲ್‌ಝೈಮರ್ ಬಗ್ಗೆ ಇಲಿಗಳಲ್ಲಿ ಮಾಡಿದ 623 ಪ್ರಬಂಧಗಳನ್ನ ತೆಗೆದು ನೋಡಿದ್ರು. ವಿಜ್ಞಾನಿಗಳೇ ಶೀರ್ಷಿಕೆಯಲ್ಲಿ ಇಲಿ ಅಂತ ಬರೆಯದಿದ್ರೆ ಪತ್ರಿಕೆಯ ತಲೆಬರಹದಲ್ಲೂ ಇಲಿ ಮಾಯ ಆಗೋದು ಜಾಸ್ತಿ ಅಂತ ಕಂಡ್ರು. ಅಂದ್ರೆ ಇಲಿಯನ್ನ ಮೊದಲು ಬಚ್ಚಿಡೋದು ಪ್ರಯೋಗಾಲಯದಲ್ಲೇ. 2019ರಲ್ಲಿ ಜೇಮ್ಸ್ ಹೆದರ್ಸ್ ಅನ್ನೋ ವಿಜ್ಞಾನಿ ಟ್ವಿಟ್ಟರಿನಲ್ಲಿ ಒಂದು ಖಾತೆ ತೆಗೆದು, ಇಂಥ ಸುದ್ದಿಗಳನ್ನೆಲ್ಲಾ ಹಂಚಿ ಮೇಲೆ "ಇಲಿಗಳಲ್ಲಿ" ಅಂತ ಅರ್ಥ ಬರೋ ಎರಡೇ ಪದ ಸೇರಿಸ್ತಿದ್ರು. ಆ ಕೆಲಸ ಕನ್ನಡದಲ್ಲಿ ಇನ್ನೂ ಸುಲಭ ಅಲ್ವಾ? ನಮಗೆ ಸಪ್ತಮಿ ವಿಭಕ್ತಿ ಇದೆ, ಒಂದೇ ಪದ ಸಾಕು: ಇಲಿಗಳಲ್ಲಿ.

ಹಾಗಾಗಿ ಮಿತ್ರರೇ, ಇನ್ನು ಮೇಲೆ ಇಲ್ಲಿ ಕಾಮೆಂಟಿನಲ್ಲಿ ಯಾರಾದ್ರೂ "ಹೊಸ ಮದ್ದು ಸಿಕ್ತು" ಅಂತ ಕೊಂಡಿ ಹಾಕಿದ್ರೆ ನಾನು ಇಷ್ಟೇ ಕೇಳ್ತೀನಿ. ಯಾವ ತಳಿ? ಜೀನ್ ತೆಗೆದದ್ದಾ, ಮನುಷ್ಯನದ್ದು ಸೇರಿಸಿದ್ದಾ? ಮನುಷ್ಯರಿಗೆ ಕೊಟ್ಟಿದ್ದಾರಾ, ಕೊಟ್ಟಿದ್ರೆ ಎಷ್ಟು ಜನಕ್ಕೆ? ಉತ್ತರ ಬರೋ ತನಕ ಆ ಕಾಮೆಂಟು ಪ್ರಕಟ ಆಗಲ್ಲ. ಬೈಯೋರು ಬೈಬಹುದು, ಬೈಗುಳದ ಕಾಮೆಂಟು ಮಾತ್ರ ತಕ್ಷಣ ಪ್ರಕಟಿಸ್ತೀನಿ :)